ಕೆರೆಗೆ ಸೇರಿದ ಒಂದು ಪದ



ಬೆಂಗಳೂರಿನ ಹೊರವಲಯದಲ್ಲಿ ದೊಡ್ಡ ಕಟ್ಟಡ ಏಳಬೇಕಾದರೆ ಮೊದಲು ಕಾಗದದ ಕಟ್ಟು ಏಳುತ್ತದೆ. 20,000 ಚದರ ಮೀಟರಿನಿಂದ ಮೇಲಿನ ನಿರ್ಮಾಣವಾದರೆ ಕೇಂದ್ರ ಸರ್ಕಾರದ 2006ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು. ವೈಟ್‌ಫೀಲ್ಡ್, ವರ್ತೂರು, ಎಲೆಕ್ಟ್ರಾನಿಕ್ ಸಿಟಿ ಕಡೆಯ ಜಾಗವಾದರೆ ಪಕ್ಕದಲ್ಲಿ ಒಂದು ಕೆರೆ ಇದ್ದೇ ಇರುತ್ತದೆ. ಕೆರೆಯ ಕುರಿತ ವರದಿಗಳಲ್ಲಿ, ಸಂಶೋಧನಾ ಲೇಖನಗಳಲ್ಲಿ ಒಂದು ಅಪರೂಪದ ಇಂಗ್ಲಿಷ್ ವಿಶೇಷಣ ಎದುರಾಗುತ್ತದೆ: ಲಕಸ್ಟ್ರೈನ್. ಕೆಲವರು ಲಕಸ್ಟ್ರಿನ್ ಅನ್ನುತ್ತಾರೆ, ಎರಡೂ ಸರಿಯೇ. ಅದೇ ಕಟ್ಟಡದ ಬಣ್ಣಬಣ್ಣದ ಕರಪತ್ರದಲ್ಲಿ ಈ ಪದ ಹುಡುಕಬೇಡಿ. ಅಲ್ಲಿ ಸಿಗುವುದು ಲೇಕ್ ವ್ಯೂ, ಲೇಕ್ ಸೈಡ್, ಲೇಕ್ ಫ್ರಂಟ್.

ಅರ್ಥವೇನೋ ಸುಲಭ. ಕೆರೆಗೆ ಅಥವಾ ಸರೋವರಕ್ಕೆ ಸೇರಿದ್ದು, ಅಲ್ಲಿ ಬೆಳೆಯುವುದು, ಅಲ್ಲಿ ಬಂದು ಕೂಡಿದ್ದು ಎಲ್ಲವೂ ಲಕಸ್ಟ್ರೈನ್. ಕನ್ನಡದಲ್ಲಿ ಈ ಕೆಲಸ ಒಂದು 'ಯ' ಅಕ್ಷರದಲ್ಲಿ ಮುಗಿಯುತ್ತದೆ. ಕೆರೆಯ ಮೀನು, ಕೆರೆಯ ಹಕ್ಕಿ, ಕೆರೆಯ ಮಣ್ಣು ಅಂದರೆ ಆಯಿತು. ಇಂಗ್ಲಿಷಿನವರಿಗೆ ಅಷ್ಟಕ್ಕೇ ಲ್ಯಾಟಿನ್ನಿನ ಬಾಗಿಲು ತಟ್ಟಬೇಕು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಭೂವಿಜ್ಞಾನಿಗಳು ಈ ಪದವನ್ನು ಚಾಲ್ತಿಗೆ ತಂದರು. ಒಂದು ಬಂಡೆಯ ಪದರ ಸಮುದ್ರದ ತಳದಲ್ಲಿ ಕೂಡಿತೋ, ನದಿಯಲ್ಲೋ, ನಿಂತ ಸಿಹಿನೀರಿನಲ್ಲೋ ಎಂದು ವಿಂಗಡಿಸುವುದು ಅವರಿಗೆ ಬೇಕಾಗಿತ್ತು. ನಿಂತ ಸಿಹಿನೀರಿನ ತಳದಲ್ಲಿ ವರ್ಷ ವರ್ಷ ಕೂತ ನಯವಾದ ಮಣ್ಣಿನ ಪದರಕ್ಕೆ ಲಕಸ್ಟ್ರೈನ್ ಎಂದು ಹೆಸರಿಟ್ಟರು. ನಮ್ಮ ರೈತರು ಅದನ್ನು ಹೂಳು ಅನ್ನುತ್ತಾರೆ. ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ಹೋಗಿ ತುಂಬಿಸಿ ತಂದು ಹೊಲಕ್ಕೆ ಹರಡುತ್ತಿದ್ದರು. ಕುಂಬಾರರೂ ಇಟ್ಟಿಗೆ ಸುಡುವವರೂ ಅದಕ್ಕಾಗಿಯೇ ಕಾದಿರುತ್ತಿದ್ದರು.

ಈ ಪದದ ಮೂಲ ಲ್ಯಾಟಿನ್ನಿನ ಲಾಕುಸ್. ನಿಘಂಟು ತೆರೆದರೆ ಸರೋವರ ಎಂಬ ಅರ್ಥ ಸಿಗುತ್ತದೆ, ಬಹಳ ಜನ ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಸ್ವಲ್ಪ ಕೆಳಗೆ ಕಣ್ಣು ಹಾಯಿಸಿದರೆ ರೋಮನ್ನರು ಲಾಕುಸ್ ಎಂದು ಕರೆಯುತ್ತಿದ್ದ ಬೇರೆ ವಸ್ತುಗಳ ಸಾಲೇ ಇದೆ. ದ್ರಾಕ್ಷಿ ತುಳಿದಾಗ ರಸ ಬಂದು ಬೀಳುವ ತೊಟ್ಟಿ ಲಾಕುಸ್. ಸುಣ್ಣ ಅರಳಿಸುವ ಗುಂಡಿಯೂ ಲಾಕುಸ್, ವಾಸ್ತುಶಿಲ್ಪಿ ವಿಟ್ರೂವಿಯಸ್ ಹಾಗೆಯೇ ಬರೆದಿದ್ದಾನೆ. ಊರಿನ ಜನ ಕೊಡ ತುಂಬಿಸಿಕೊಳ್ಳುವ ಬೀದಿಯ ಕಲ್ಲುತೊಟ್ಟಿ ಲಾಕುಸ್. ಅಗ್ರಿಪ್ಪ ಎಂಬ ಅಧಿಕಾರಿ ಕ್ರಿಸ್ತಪೂರ್ವ 33ರಲ್ಲಿ ರೋಮ್ ನಗರಕ್ಕೆ ಅಂಥ 700 ಲಾಕುಸ್ ಕಟ್ಟಿಸಿದ ಎಂದು ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಪೊಂಪೈ ಪಟ್ಟಣದ ಬೀದಿ ಮೂಲೆಗಳಲ್ಲಿ ಇಂಥ ತೊಟ್ಟಿಗಳು ಈಗಲೂ ನಿಂತಿವೆ. ನೀರಿಗೆ ಬಾಗಿದವರು ಒಂದು ಕೈ ಊರುತ್ತಿದ್ದ ಜಾಗದಲ್ಲಿ ಕಲ್ಲಿನ ಅಂಚು ಸವೆದು ಹಳ್ಳ ಬಿದ್ದಿದೆ.

ಇನ್ನೂ ಒಂದು ಅರ್ಥವಿದೆ, ಅದು ನಮ್ಮನ್ನು ನೇರ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಕರೆದುಕೊಂಡು ಬರುತ್ತದೆ. ಕಮ್ಮಾರ ಕಾದ ಲೋಹವನ್ನು ಅದ್ದುವ ತೊಟ್ಟಿಯೂ ಲಾಕುಸ್. ವರ್ಜಿಲ್ ಕವಿ ದೈತ್ಯರ ಕುಲುಮೆಯನ್ನು ವರ್ಣಿಸುವಾಗ ಬುಸುಗುಡುವ ಕಂಚನ್ನು ಅದ್ದುವ ಜಾಗಕ್ಕೆ ಇದೇ ಪದ ಬಳಸಿದ್ದಾನೆ. ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಷೆಡ್ಡುಗಳಲ್ಲಿ ಆ ದೃಶ್ಯ ದಿನವೂ ನಡೆಯುತ್ತದೆ. ಎಂಟುನೂರು ಡಿಗ್ರಿ ದಾಟಿದ ಫರ್ನೇಸಿನಿಂದ ಗೇರು, ಶಾಫ್ಟು ತುಂಬಿದ ಬುಟ್ಟಿ ಕಿತ್ತಳೆ ಬಣ್ಣಕ್ಕೆ ಕಾದು ಹೊರಬರುತ್ತದೆ. ಹಾಯಿಸ್ಟಿನ ಸರಪಳಿ ಸಡಿಲುತ್ತಿದ್ದಂತೆ ಬುಟ್ಟಿ ಎಣ್ಣೆಯ ತೊಟ್ಟಿಯೊಳಗೆ ಇಳಿಯುತ್ತದೆ. ಎಣ್ಣೆಯ ಮೇಲೆ ಭಗ್ಗನೆ ಒಂದು ಜ್ವಾಲೆ, ಅದರ ಹಿಂದೆಯೇ ಶೀಟಿನ ಚಾವಣಿ ಮುಟ್ಟುವ ಬಿಳಿ ಹೊಗೆ, ಆಮೇಲೆ ತೊಟ್ಟಿಯೊಳಗಿನಿಂದ ಗೊರಗೊರ ಕುದಿತ. ಕೆಲಸಗಾರರು ಅದಕ್ಕೆ ಕ್ವೆಂಚಿಂಗ್ ಟ್ಯಾಂಕ್ ಅನ್ನುತ್ತಾರೆ. ವರ್ಜಿಲ್ ಬಂದು ನೋಡಿದ್ದರೆ ಲಾಕುಸ್ ಅನ್ನುತ್ತಿದ್ದ.

ತಾನಾಗಿ ಉಂಟಾದ ಸರೋವರಕ್ಕೂ ಮನುಷ್ಯ ಕಟ್ಟಿದ ತೊಟ್ಟಿಗೂ ಲ್ಯಾಟಿನ್ನಿನಲ್ಲಿ ಒಂದೇ ಹೆಸರು. ನೀರು ನಿಲ್ಲಬೇಕು, ಸುತ್ತ ಅಂಚು ಇರಬೇಕು, ಅಷ್ಟೇ. ಇಂಗ್ಲಿಷಿನ ಲೇಕ್ ಎಂಬ ಪದವೂ ಫ್ರೆಂಚಿನ ಮೂಲಕ ಬಂದ ಇದೇ ಲಾಕುಸ್‌ನ ಮಗು. ಆದರೆ ಬರುವ ದಾರಿಯಲ್ಲಿ ಅದು ತೊಟ್ಟಿ, ಗುಂಡಿ, ಬಾನಿಗಳ ನೆನಪನ್ನೆಲ್ಲ ಕಳೆದುಕೊಂಡು ದೇವರು ಕೊಟ್ಟ ಜಲರಾಶಿ ಎಂಬ ಒಂದೇ ಅರ್ಥ ಉಳಿಸಿಕೊಂಡಿತು. ಬೆಂಗಳೂರಿನ ಮಟ್ಟಿಗೆ ಈ ಮರೆವು ದುಬಾರಿಯಾಯಿತು ಎಂಬುದು ನನ್ನ ಅಭಿಪ್ರಾಯ.

ಯಾಕೆಂದರೆ ಇಲ್ಲಿ ತಾನಾಗಿ ಆದ ಸರೋವರಗಳಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕೂತ ಊರು ಇದು, ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲ. ದಿಬ್ಬದ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ಆ ನೀರನ್ನು ಇಳಿಜಾರಿನಲ್ಲಿ ಅಲ್ಲಲ್ಲಿ ತಡೆದು ನಿಲ್ಲಿಸಿದ್ದೇ ಕೆರೆ. ಕನ್ನಡದಲ್ಲಿ ಕೆರೆಗೆ ಹೊಂದುವ ಕ್ರಿಯಾಪದವೇ ಕಟ್ಟು. ಮನೆ ಕಟ್ಟಿದ ಹಾಗೆ ಕೆರೆ ಕಟ್ಟುತ್ತೇವೆ, ಕಟ್ಟಿಸುತ್ತೇವೆ. ಒಡೆದರೆ ರಿಪೇರಿ ಮಾಡುತ್ತೇವೆ.

ಇದಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ಬೆಳ್ಳಂದೂರಿಗೆ ಹತ್ತಿರದ ಅಗರದಲ್ಲಿ ಒಂಬತ್ತನೆಯ ಶತಮಾನದ, ಗಂಗರ ಕಾಲದ ಶಾಸನವೊಂದಿದೆ. ಇರುಗಮಯ್ಯನ ಮಗ ಸಿರಿಮಯ್ಯ ಎರಡು ಕೆರೆಗಳಿಗೆ ತೂಬು ಇಡಿಸಿ ಮೂಡಣ ಕೆರೆಯನ್ನು ಕಟ್ಟಿಸಿದ ಎಂದು ಅದು ಹೇಳುತ್ತದೆ. ಆ ಕೆಲಸಕ್ಕೆ ಅವನಿಗೆ ಸಿಕ್ಕ ಉಂಬಳಿಯ ಹೆಸರು ಬಿತ್ತುವಟ್ಟ. ಶಾಸನ ಬರೆಸಿದವರು ಕೆರೆಯ ಚೆಲುವನ್ನು ಹೊಗಳುತ್ತ ಕೂರಲಿಲ್ಲ. ತೂಬು ಇಟ್ಟವರು ಯಾರು, ಪ್ರತಿಫಲ ಏನು ಎಂದು ಬರೆಸಿದರು. ಇಂದು ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಗೋಡೆಗಳಿರುವ ಆ ದಾರಿಯಲ್ಲಿ ಸಾವಿರದ ನೂರು ವರ್ಷಗಳ ಹಿಂದೆ ಇಂಥ ಲೆಕ್ಕಪತ್ರ ನಡೆದಿತ್ತು.

ಕೆರೆಯ ಅಂಗಾಂಗಗಳ ಹೆಸರು ಈಗಿನ ಮಕ್ಕಳಿಗೆ ತಿಳಿದಿರಲಿಕ್ಕಿಲ್ಲ, ಒಮ್ಮೆ ಹೇಳಿಬಿಡುತ್ತೇನೆ. ನೀರನ್ನು ತಡೆಯುವ ಮಣ್ಣಿನ ಒಡ್ಡು ಏರಿ. ಏರಿಯ ಬುಡದಲ್ಲಿ ಗದ್ದೆಗೆ ನೀರು ಬಿಡುವ ಬಾಯಿ ತೂಬು. ಎರಡು ಕಲ್ಲುಕಂಬಗಳ ನಡುವೆ ಇಳಿಬಿಟ್ಟ ಗೂಟವನ್ನು ಎತ್ತಿದಷ್ಟು ನೀರು ಹೊರಗೆ. ತುಂಬಿ ಹೆಚ್ಚಾದ ನೀರು ಏರಿಗೆ ಪೆಟ್ಟು ಕೊಡದಂತೆ ಪಕ್ಕದಿಂದ ಹರಿದುಹೋಗುವ ಕಲ್ಲುಹಾಸಿನ ಜಾಗ ಕೋಡಿ. ನೀರು ಉಣ್ಣುವ ಜಮೀನು ಅಚ್ಚುಕಟ್ಟು. ಇದನ್ನೆಲ್ಲ ನೋಡಿಕೊಳ್ಳುವವನು ನೀರುಗಂಟಿ, ಅವನ ಸಂಬಳ ಕಣದಲ್ಲಿ ಧಾನ್ಯದ ರೂಪದಲ್ಲಿ ಸಿಗುತ್ತಿತ್ತು. ಒಂದು ಕೆರೆಯ ಕೋಡಿಯ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅದರ ಕೋಡಿ ಅದರ ಕೆಳಗಿನದಕ್ಕೆ. ಹೀಗೆ ಅಗರದ ನೀರು ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ, ವರ್ತೂರಿನದು ಪಿನಾಕಿನಿಗೆ.

ಬ್ರಿಟಿಷರಿಗೆ ಈ ಸಂಗತಿ ಚೆನ್ನಾಗಿ ಗೊತ್ತಿತ್ತು. ಅವರು ತಮ್ಮ ನಕಾಶೆಗಳಲ್ಲಿ ಇವನ್ನೆಲ್ಲ ಟ್ಯಾಂಕ್ ಎಂದೇ ಬರೆದರು. ಮಲ್ಲೇಶ್ವರದ ಪಕ್ಕ 1882ರಲ್ಲಿ ಸ್ಯಾಂಕಿ ಎಂಬ ಬ್ರಿಟಿಷ್ ಇಂಜಿನಿಯರ್ ಕಟ್ಟಿಸಿದ ಕೆರೆ ಇಂದಿಗೂ ಸ್ಯಾಂಕಿ ಟ್ಯಾಂಕ್. ಅದೇ ವರ್ಷ ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ ಡಿ. ಎಸ್. ವೈಟ್ ಅವರ ಸಂಘ ಮೈಸೂರು ಮಹಾರಾಜರಿಂದ ಜಮೀನು ಪಡೆದು ವೈಟ್‌ಫೀಲ್ಡ್ ಊರನ್ನು ಶುರುಮಾಡಿತು. ಆಗ ಅದರ ಸುತ್ತಮುತ್ತ ಇದ್ದದ್ದು ನಲ್ಲೂರಹಳ್ಳಿ, ಹೂಡಿ, ಪಟ್ಟಂದೂರು ಅಗ್ರಹಾರ, ಹಗದೂರಿನಂಥ ಹಳ್ಳಿಗಳು, ಅವುಗಳ ಕೆರೆಗಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಳ್ಳಂದೂರು ಕೆರೆಗೆ ವಿಚಿತ್ರ ಅತಿಥಿಗಳೂ ಬಂದರು. ಪಕ್ಕದ ಎಚ್‌ಎಎಲ್‌ಗೆ ರಿಪೇರಿಗೆ ಬರುತ್ತಿದ್ದ ಕ್ಯಾಟಲೀನಾ ವಿಮಾನಗಳು ನೀರಿನ ಮೇಲೆ ಇಳಿಯುವಂಥವು, ಅವಕ್ಕೆ ರನ್‌ವೇ ಆದದ್ದು ಈ ಕೆರೆ. ಸುಮಾರು 900 ಎಕರೆಯ ಕೆರೆ ವಿಮಾನ ಇಳಿಸುವಷ್ಟು ತುಂಬಿರುತ್ತಿತ್ತು, ತಿಳಿಯಾಗಿಯೂ ಇರುತ್ತಿತ್ತು.

1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗಾ ಅವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಗಲ್ಲು ಹಾಕಿದರು. ತೊಂಬತ್ತರ ದಶಕದಲ್ಲಿ ವೈಟ್‌ಫೀಲ್ಡಿಗೆ ಐಟಿಪಿಎಲ್ ಎಂಬ ಟೆಕ್ ಪಾರ್ಕ್ ಬಂತು. ಅಚ್ಚುಕಟ್ಟಿನ ಗದ್ದೆಗಳು ಸೈಟುಗಳಾದವು. ಗದ್ದೆ ಇಲ್ಲವಾದ ಮೇಲೆ ತೂಬು ಎತ್ತುವ ಕೆಲಸವಿಲ್ಲ, ನೀರುಗಂಟಿಗೆ ಕೂಲಿಯಿಲ್ಲ, ಹೂಳು ಯಾರಿಗೂ ಬೇಡ. ಈ ಹೊತ್ತಿಗೆ ಸರಿಯಾಗಿ ಟ್ಯಾಂಕ್ ಎಂಬ ಹೆಸರು ಅಳಿಸಿ ಬೋರ್ಡುಗಳ ಮೇಲೆ ಲೇಕ್ ಬಂದು ಕೂತಿತು. ಟ್ಯಾಂಕ್ ಅಂದರೆ ಯಾರೋ ತೊಳೆಯಬೇಕು, ಸೋರಿದರೆ ಮುಚ್ಚಬೇಕು. ಲೇಕ್ ಅಂದರೆ ಬಾಲ್ಕನಿಯಿಂದ ನೋಡಿದರೆ ಸಾಕು.

ಇನ್ನು ಪದದ ಬಾಲದ ವಿಷಯ. ಲಾಕುಸ್ ಎಂಬ ನಾಮಪದದಿಂದ ಲಕಸ್ಟ್ರೈನ್ ನೇರವಾಗಿ ಹುಟ್ಟುವುದಿಲ್ಲ. ನಡುವಿನ 'ಸ್ಟ್ರ' ಎಲ್ಲಿಂದ ಬಂತು? ಜೌಗು ಪ್ರದೇಶಕ್ಕೆ ಲ್ಯಾಟಿನ್ನಿನಲ್ಲಿ ಪಾಲುಸ್ ಎಂಬ ಪದವಿತ್ತು. ಅದರ ವಿಶೇಷಣ ಪಾಲುಸ್ಟ್ರಿಸ್, ಅಂದರೆ ಜೌಗಿನ, ಕೆಸರಿನ. ಅದನ್ನು ನೋಡಿಕೊಂಡೇ ನಂತರದವರು ಸರೋವರಕ್ಕೂ ಅಂಥದ್ದೇ ರೂಪ ಮಾಡಿದರು. ಫ್ರೆಂಚರ ಲಕುಸ್ತ್ರ್ ಮೊದಲು ಬಂತು, ಆಮೇಲೆ ಇಂಗ್ಲಿಷಿನ ಲಕಸ್ಟ್ರೈನ್. ಒಟ್ಟಿನಲ್ಲಿ ತಲೆ ಕೆರೆಯದು, ಬಾಲ ಜೌಗಿನದು. ಇಂದಿನ ವಿಜ್ಞಾನಿಗಳಿಗೆ ಇವೆರಡೂ ಬೇರೆ ಬೇರೆ ವರ್ಗ. ಅಮೆರಿಕದಲ್ಲಿ 1979ರಲ್ಲಿ ರೂಪಿಸಿದ ಜೌಗು ಭೂಮಿಗಳ ವರ್ಗೀಕರಣ ಬಹಳ ಕಡೆ ಬಳಕೆಯಲ್ಲಿದೆ. ಅದರ ಲೆಕ್ಕದಲ್ಲಿ ಸಾಮಾನ್ಯವಾಗಿ 8 ಹೆಕ್ಟೇರಿಗಿಂತ ದೊಡ್ಡದಾಗಿ, ಬೇರುಬಿಟ್ಟು ನಿಂತ ಗಿಡಗಂಟಿ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಜಾಗ ಆವರಿಸದಿದ್ದರೆ ಅದು ಲಕಸ್ಟ್ರೈನ್. ಗಿಡ ಮೇಲುಗೈ ಪಡೆದರೆ ಪಾಲುಸ್ಟ್ರೈನ್.

ಹೊರವಲಯದ ಕೆರೆಗಳು ನಮ್ಮ ಕಣ್ಣೆದುರೇ ತಲೆಯಿಂದ ಬಾಲಕ್ಕೆ ಸರಿದವು. ನಗರದ ಚರಂಡಿ ನೀರು ರಾಜಕಾಲುವೆ ಹಿಡಿದು ಬೆಳ್ಳಂದೂರಿಗೆ ಇಳಿಯಿತು. ಕೊಳಚೆಯ ಸಾರ ಉಂಡು ಜೊಂಡು ಎದ್ದಿತು, ಅಂತರಗಂಗೆ ಹಬ್ಬಿತು. 2015ರಲ್ಲಿ ದೇಶವೆಲ್ಲ ನೋಡಿದ ನೊರೆ ಬಂತು. ಬಟ್ಟೆಪುಡಿ, ಪಾತ್ರೆ ಸೋಪಿನ ಅಂಶ ತುಂಬಿದ ನೀರು ಕೋಡಿಯಲ್ಲಿ ಧುಮುಕುವಾಗ ಗಾಳಿ ಸೇರಿ ನೊರೆಯಾಗುತ್ತದೆ. ನಮ್ಮ ಅಡುಗೆಮನೆಯ ಸಿಂಕಿನಲ್ಲಿ ಆಗುವುದೂ ಅದೇ. ವರ್ತೂರು ರಸ್ತೆಯಲ್ಲಿ ಆ ನೊರೆ ಗಾಳಿಗೆ ಹಾರಿ ಸ್ಕೂಟರಿನವರ ಮುಖಕ್ಕೆ ಬಡಿಯುತ್ತಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಕೆರೆಯಲ್ಲಿ ಬೆಂಕಿ ಕಾಣಿಸಿತು, 2017ರ ಫೆಬ್ರುವರಿಯಲ್ಲಿ ಮತ್ತೆ ಹತ್ತಿತು, 2018ರ ಜನವರಿಯಲ್ಲಿ ಆರಿಸಲು ಸೈನಿಕರು ಬರಬೇಕಾಯಿತು. ನೀರಿಗೆ ಬೆಂಕಿ ಬಿತ್ತು ಎಂಬ ಮಾತು ಗಾದೆಯಲ್ಲಿ ಕೂಡ ಇಲ್ಲದ್ದು. ಆಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಛೀಮಾರಿ ಹಾಕಿತು, ದಂಡ ಹಾಕಿತು, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹೂಳೆತ್ತಲು ಇಳಿಯಿತು. ಪೀಣ್ಯದ ಕಡೆಯ ಕಥೆಗೆ ಅಷ್ಟು ಚಿತ್ರ ಸಿಗಲಿಲ್ಲ. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಅಂತರ್ಜಲಕ್ಕೆ ಇಳಿದರೆ ನೊರೆ ಏಳುವುದಿಲ್ಲ, ಟಿ.ವಿ.ಯವರು ಬರುವುದಿಲ್ಲ.

ಲಕಸ್ಟ್ರೈನ್ ಪದಕ್ಕೆ ಒಮ್ಮೆ ಭಾರಿ ಪ್ರಸಿದ್ಧಿ ಬಂದ ಸಂದರ್ಭವನ್ನೂ ಹೇಳಬೇಕು. 1853ರ ಕೊನೆ, 1854ರ ಆರಂಭದ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರದ ನೀರು ಬಹಳ ಕೆಳಗಿಳಿಯಿತು. ದಂಡೆಯ ಒಂದು ಹಳ್ಳಿಯ ಬಳಿ ಕೆಸರಿನಲ್ಲಿ ಸಾಲುಸಾಲು ಮರದ ಗೂಟಗಳು, ಜೊತೆಗೆ ಮಡಕೆ ಚೂರು, ಕಲ್ಲಿನ ಉಪಕರಣ ಕಾಣಿಸಿದವು. ಫರ್ಡಿನಾಂಡ್ ಕೆಲ್ಲರ್ ಎಂಬ ಪುರಾತತ್ವಜ್ಞ ಅವನ್ನು ನೋಡಿ, ಇತಿಹಾಸಪೂರ್ವ ಕಾಲದ ಜನ ಕಂಬಗಳ ಮೇಲೆ ಮನೆ ಕಟ್ಟಿಕೊಂಡು ಸರೋವರದಲ್ಲೇ ಬದುಕುತ್ತಿದ್ದರು ಎಂದು ಬರೆದ. ಅವು ನೀರಿನ ಮೇಲಿದ್ದವೋ ದಂಡೆಯಲ್ಲಿದ್ದವೋ ಎಂದು ವಿದ್ವಾಂಸರು ಮುಂದೆ ಬಹಳ ಜಗಳವಾಡಿದರು. ಇಂಗ್ಲಿಷ್ ಪುಸ್ತಕಗಳಲ್ಲಿ ಅವಕ್ಕೆ ಲಕಸ್ಟ್ರೈನ್ ಮನೆಗಳು ಎಂದೇ ಹೆಸರಾಯಿತು. ನಮ್ಮಲ್ಲೂ ಕೆರೆಯಂಗಳದಲ್ಲಿ ಕಂಬಗಳ ಮೇಲೆ ಮನೆಗಳಿವೆ, ಕಂಬಗಳ ನಡುವಿನ ಜಾಗಕ್ಕೆ ಸ್ಟಿಲ್ಟ್ ಪಾರ್ಕಿಂಗ್ ಅನ್ನುತ್ತಾರೆ. 2022ರ ಸೆಪ್ಟೆಂಬರ್ 4ರ ರಾತ್ರಿ 130 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದಾಗ ಆ ಪಾರ್ಕಿಂಗು ತನ್ನ ಹಳೆಯ ಗುರುತನ್ನು ತೋರಿಸಿತು. ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಗಳಲ್ಲಿ ಕಾರುಗಳು ತೇಲಿದವು. ಲ್ಯಾಪ್‌ಟಾಪು ಹೆಗಲಿಗೇರಿಸಿಕೊಂಡ ಇಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಆ ಟ್ರ್ಯಾಕ್ಟರು ಉಳಲು ಗದ್ದೆ ಉಳಿದಿದ್ದರೆ ಅಂದು ಅಷ್ಟು ನೀರು ನಿಲ್ಲುತ್ತಿರಲಿಲ್ಲವೇನೋ.

ರೋಮ್ ನಗರದ ನಟ್ಟನಡುವೆ ಲಾಕುಸ್ ಕುರ್ತಿಯುಸ್ ಎಂಬ ಜಾಗವಿದೆ. ಹಿಂದೊಮ್ಮೆ ಅಲ್ಲಿ ನೆಲ ಬಾಯಿಬಿಟ್ಟು ಊರಿನ ಅತಿ ಬೆಲೆಬಾಳುವುದನ್ನು ಬಲಿ ಕೇಳಿತಂತೆ. ಕುರ್ತಿಯುಸ್ ಎಂಬ ತರುಣ ಕುದುರೆ ಸಮೇತ ಅದರೊಳಗೆ ಹಾರಿದನಂತೆ. ಕೆರೆಗೆ ಹಾರವಾದ ಭಾಗೀರಥಿಯ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದೆನಿಸದು. ಮುಂದೆ ರೋಮಿನ ಜನ ವರ್ಷಕ್ಕೊಮ್ಮೆ ಆ ಲಾಕುಸ್ ಬಳಿಗೆ ಬಂದು ಚಕ್ರವರ್ತಿ ಅಗಸ್ಟಸ್‌ನ ಆರೋಗ್ಯಕ್ಕಾಗಿ ನಾಣ್ಯ ಹಾಕುತ್ತಿದ್ದರು. ವಿಶೇಷವೆಂದರೆ ಆ ಹೊತ್ತಿಗಾಗಲೇ ಅಲ್ಲಿ ನೀರಿರಲಿಲ್ಲ. ಈಗ ಗಟ್ಟಿ ನೆಲ, ಮೊದಲು ಕೆರೆ ಎಂಬ ಅರ್ಥದ ಮಾತನ್ನು ಓವಿಡ್ ಕವಿ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದಾನೆ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಿಂತು ಧರ್ಮಾಂಬುಧಿ ಕೆರೆಯ ಬಗ್ಗೆ ನಮ್ಮ ಹಿರಿಯರು ಹೇಳುವುದೂ ಇದನ್ನೇ.

ಲಾಕುಸ್‌ಗೆ ಒಬ್ಬ ಮಗಳಿದ್ದಾಳೆ, ಲಕುನಾ. ಮೂಲದಲ್ಲಿ ನೀರು ನಿಂತ ಹಳ್ಳ ಎಂದರ್ಥ, ಲಗೂನ್ ಎಂಬ ಪದ ಬಂದದ್ದು ಅಲ್ಲಿಂದಲೇ. ಬರಬರುತ್ತ ಅದು ಖಾಲಿ ಜಾಗ, ಇರಬೇಕಾದದ್ದು ಇಲ್ಲದ ಜಾಗ ಎಂದಾಯಿತು. ನಮ್ಮ ಕೋರ್ಟುಗಳಲ್ಲಿ ವಕೀಲರು ಕಾನೂನಿನಲ್ಲೊಂದು ಲಕುನಾ ಇದೆ ಅನ್ನುವುದು ಈ ಪದವನ್ನೇ. ನಮ್ಮ ಕೆರೆಗಳ ಪಾಡೂ ಇದೇ: ಕೆರೆ ಒತ್ತುವರಿ ಕುರಿತ ಕೋಳಿವಾಡ ಸಮಿತಿಯ 2017ರ ವರದಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಎಕರೆ ಕೆರೆ ಜಾಗ ಒತ್ತುವರಿಯಾಗಿದೆ ಎಂದು ಲೆಕ್ಕ ಕೊಟ್ಟಿತು. ಪಹಣಿಯಲ್ಲಿ ಸರ್ಕಾರಿ ಕೆರೆ ಎಂದಿರುತ್ತದೆ, ಜಾಗಕ್ಕೆ ಹೋಗಿ ನೋಡಿದರೆ ಕಾಂಪೌಂಡು ಗೋಡೆ.

ಎಲ್ಲ ಕಡೆಯೂ ಹೀಗೆಯೇ ಆಗಿಲ್ಲ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳು ಪಾಲಿಕೆಯ ಜೊತೆ ಕೂತು 2010ರ ಆಸುಪಾಸಿನಲ್ಲಿ ಉಳಿಸಿಕೊಂಡರು, ಈಗಲೂ ಅದನ್ನು ಕಾಯುತ್ತಿದ್ದಾರೆ. ಎಲೆಕ್ಟ್ರಾನಿಕ್ ಸಿಟಿ ಬಳಿಯ ಹೆಬ್ಬಗೋಡಿ ಕೆರೆಗೆ ಪಕ್ಕದ ಔಷಧ ಕಂಪನಿಯೊಂದರ ಪ್ರತಿಷ್ಠಾನ ನೆರವಾಯಿತು. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಕಳಿಸುತ್ತಿದ್ದಾರೆ. ಅದರ ಗುಣಮಟ್ಟದ ಬಗ್ಗೆ ತಕರಾರುಗಳಿವೆ, ಇರಬೇಕಾದವೇ. ಈ ಮೂರೂ ಕಡೆ ಕೆರೆಯನ್ನು ನೋಟದ ವಸ್ತುವೆಂದು ಬಿಡದೆ ಕಟ್ಟಿದ ವಸ್ತುವೆಂದು ತಿಳಿದು ಕೆಲಸ ಮಾಡಿದ್ದಾರೆ, ನಾನು ಗಮನಿಸಿದ್ದು ಅಷ್ಟು.

ಕೇಳುಗರಲ್ಲಿ ಆ ಭಾಗದ ಅಪಾರ್ಟ್‌ಮೆಂಟುಗಳಲ್ಲಿ ಇರುವವರು, ಅಲ್ಲಿನ ಕಂಪನಿಗಳಲ್ಲಿ ದುಡಿಯುವವರು ಬಹಳ ಮಂದಿ ಇರಬಹುದು. ಒಂದು ಕೋರಿಕೆ. ರಾಜ್ಯ ಸರ್ಕಾರದ ದಿಶಾಂಕ್ ಎಂಬ ಆ್ಯಪ್ ಉಚಿತವಾಗಿ ಸಿಗುತ್ತದೆ. ನೀವು ನಿಂತ ಜಾಗದ ಸರ್ವೆ ನಂಬರು, ಹಳೆಯ ಗ್ರಾಮ ನಕಾಶೆ ಅದರಲ್ಲಿ ಕಾಣುತ್ತದೆ. ನಿಮ್ಮ ಕಟ್ಟಡದ ಸುತ್ತ ಕೆರೆ ಎಲ್ಲಿತ್ತು, ಕಾಲುವೆ ಯಾವ ದಿಕ್ಕಿಗೆ ಹರಿಯುತ್ತಿತ್ತು ನೋಡಿ. ಹತ್ತಿರದ ಕೆರೆಗೆ ವಾಕಿಂಗ್ ಹೋದಾಗ ಕೋಡಿ ಎಲ್ಲಿದೆ ಎಂದು ಹುಡುಕಿ. ಅದಕ್ಕೆ ಕಸ ಕಟ್ಟಿದ್ದರೆ, ಮಣ್ಣು ಸುರಿದಿದ್ದರೆ, ಮುಂಗಾರು ಶುರುವಾಗುವ ಮೊದಲೇ ವಾರ್ಡಿನ ಇಂಜಿನಿಯರಿಗೆ ಬರೆದು ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ಜೂನ್ ಬಂದ ಮೇಲೆ ಬರೆದ ಅರ್ಜಿಯಿಂದ ಪ್ರಯೋಜನವಿಲ್ಲ.